ಅಡುಗೆ ಉಪ್ಪು: ಅಣುವಿಲ್ಲದ ಸಂಯುಕ್ತ

ಅಡುಗೆ ಉಪ್ಪಿನ ರಾಸಾಯನಿಕ ಹೆಸರು ಸೋಡಿಯಂ ಕ್ಲೋರೈಡ್. ತೂಕದ ಲೆಕ್ಕದಲ್ಲಿ ಅದರ 100 ಪಾಲಿಗೆ ಸುಮಾರು 39 ಪಾಲು ಸೋಡಿಯಂ, ಉಳಿದದ್ದು ಕ್ಲೋರಿನ್. ಬಣ್ಣವಿಲ್ಲದ, ದಾಳದಂತೆ ಚೌಕ ಮುಖಗಳಿರುವ ಹರಳು. 801 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ದ್ರವವಾಗುತ್ತದೆ. 25 ಡಿಗ್ರಿಯ 100 ಗ್ರಾಂ ನೀರಿನಲ್ಲಿ ಸುಮಾರು 36 ಗ್ರಾಂ ಕರಗುತ್ತದೆ. ಒಂದು ಸೋಡಿಯಂ ಪರಮಾಣುವೂ ಒಂದು ಕ್ಲೋರಿನ್ ಪರಮಾಣುವೂ ಜೋಡಿಯಾಗಿ ‘ಉಪ್ಪಿನ ಅಣು’ ಆಗುತ್ತದೆ, ಅಂಥ ಅಣುಗಳ ರಾಶಿಯೇ ಉಪ್ಪು ಎಂಬ ತಿಳಿವಳಿಕೆ ಇಂದಿಗೂ ಸಾಮಾನ್ಯ. ಆದರೆ ಹರಳನ್ನು ಎಷ್ಟು ಸೀಳಿ ನೋಡಿದರೂ ಅಂಥ ಜೋಡಿ ಸಿಗುವುದಿಲ್ಲ. ಉಪ್ಪೆಂದರೆ ಧನ ವಿದ್ಯುದಂಶದ ಸೋಡಿಯಂ ಅಯಾನುಗಳೂ ಋಣ ವಿದ್ಯುದಂಶದ ಕ್ಲೋರೈಡ್ ಅಯಾನುಗಳೂ ಹಂಚಿಕೊಂಡ ಒಂದು ಜೋಡಣೆ. ಇದನ್ನು ಒಪ್ಪಿದರೆ ಗದ್ದೆಯಲ್ಲಿ ಉಪ್ಪು ಹರಳುಗಟ್ಟುವುದು, ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುವುದು, ಉಪ್ಪಿನಿಂದ ಸೋಡಾ ತಯಾರಾಗುವುದು ಎಲ್ಲವೂ ಒಂದೇ ಎಳೆಗೆ ಬರುತ್ತವೆ.

ಈ ಮಾತನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ 1884ರ ತಮ್ಮ ಪ್ರಬಂಧದಿಂದ ಮೊದಲುಗೊಂಡು, ಉಪ್ಪು ನೀರಿಗೆ ಬಿದ್ದೊಡನೆ ಅಯಾನುಗಳಾಗಿ ಬೇರ್ಪಡುತ್ತದೆ ಎಂದು ವಾದಿಸಿದಾಗ ಎದುರಾದ ಆಕ್ಷೇಪಣೆ ತೂಕದ್ದೇ ಆಗಿತ್ತು. 1807ರಲ್ಲಿ ಹಂಫ್ರಿ ಡೇವಿ ಬೇರ್ಪಡಿಸಿದ ಸೋಡಿಯಂ ಲೋಹ ನೀರು ತಾಕಿದರೆ ಸಿಡಿಯುತ್ತದೆ, ಕ್ಲೋರಿನ್ ವಿಷಾನಿಲ. ಇವೆರಡೂ ನೀರಿನಲ್ಲಿ ಬಿಡಿಬಿಡಿಯಾಗಿ ಇರುವುದಾದರೆ ಸಾರು ಕುಡಿದವನ ಗತಿಯೇನು? ಉತ್ತರ ಎಲೆಕ್ಟ್ರಾನಿನಲ್ಲಿದೆ. ಸೋಡಿಯಂ ಲೋಹದ ಉಗ್ರತೆಯೆಲ್ಲ ತನ್ನ ಹೊರಗಿನ ಒಂದು ಎಲೆಕ್ಟ್ರಾನನ್ನು ಕಳಚಿಕೊಳ್ಳುವ ಆತುರ. ಉಪ್ಪಿನಲ್ಲಿ ಆ ಕೊಡುಕೊಳ್ಳುವಿಕೆ ಆಗಲೇ ಮುಗಿದಿದೆ. ಸಾಲ ತೀರಿದ ಮೇಲೆ ತಗಾದೆಯಿಲ್ಲ. ಸಾಕ್ಷ್ಯವೂ ಕೈಗೆಟಕುವಂಥದೇ. ನೀರು ಹೆಪ್ಪುಗಟ್ಟುವ ಉಷ್ಣತೆ ಎಷ್ಟು ಇಳಿಯುತ್ತದೆಂಬುದು ಅದರಲ್ಲಿ ಕರಗಿರುವ ಕಣಗಳ ಸಂಖ್ಯೆಯನ್ನು ಅವಲಂಬಿಸಿದೆ. ಸಕ್ಕರೆಯ ಅಣುಗಳು ಎಷ್ಟಿವೆಯೋ ಅಷ್ಟೇ ಸಂಖ್ಯೆಯ ‘ಉಪ್ಪಿನ ಜೋಡಿ’ಗಳನ್ನು ಲೆಕ್ಕಹಾಕಿ ತೆಳುವಾದ ದ್ರಾವಣ ಮಾಡಿದರೆ, ಉಪ್ಪಿನ ಪರಿಣಾಮ ಸಕ್ಕರೆಯದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಜೋಡಿಗಳು ಜೋಡಿಗಳಾಗಿ ಉಳಿದಿಲ್ಲವೆಂದೇ ಇದರ ಅರ್ಥ. 1903ರಲ್ಲಿ ಅರೇನಿಯಸ್‌ಗೆ ನೊಬೆಲ್ ಬಂತು.

ಆದರೂ ಒಣ ಹರಳಿನೊಳಗೆ ಅಣು ಇದ್ದು, ನೀರು ಅದನ್ನು ಒಡೆಯುತ್ತದೆ ಎಂದು ವಾದಿಸಬಹುದಿತ್ತು. ಆ ಬಾಗಿಲನ್ನು 1913ರಲ್ಲಿ ಲಾರೆನ್ಸ್ ಬ್ರಾಗ್ ಮುಚ್ಚಿದರು. ಹರಳಿನ ಮೇಲೆ ಬಿದ್ದ ಕ್ಷ-ಕಿರಣಗಳು ಚದುರುವ ರೀತಿಯಿಂದ ತಿಳಿದುಬಂದದ್ದು ಇದು: ಪ್ರತಿ ಸೋಡಿಯಂ ಸುತ್ತ ಸಮದೂರದಲ್ಲಿ ಆರು ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ ಆರು ಸೋಡಿಯಂ. ಆರೂ ನೆರೆಯವರು ಸಮಾನರಾದಾಗ ಇಂಥವನೇ ಸಂಗಾತಿ ಎಂದು ಹೇಳುವುದು ಹೇಗೆ? ಬ್ರಿಟನ್ನಿನ ಹಿರಿಯ ರಸಾಯನಶಾಸ್ತ್ರಜ್ಞ ಹೆನ್ರಿ ಆರ್ಮ್‌ಸ್ಟ್ರಾಂಗ್ 1927ರಲ್ಲೂ, ಎಂಬತ್ತರ ಹೊಸ್ತಿಲಲ್ಲಿ, ‘ನೇಚರ್’ ಪತ್ರಿಕೆಯಲ್ಲಿ ಈ ಚದುರಂಗದ ಹಾಸನ್ನು ಅಣಕಿಸಿ ಬರೆದರು. ಮುದುಕರ ಹಟವೆಂದು ನಕ್ಕುಬಿಡುವಂತಿಲ್ಲ. ಅಣುವೇ ಇಲ್ಲದಿದ್ದರೆ ಒಂದಕ್ಕೊಂದು ಎಂಬ ಪ್ರಮಾಣ ಎಲ್ಲ ಉಪ್ಪಿನಲ್ಲೂ ಏಕೆ ತಪ್ಪುವುದಿಲ್ಲ ಎಂದು ಯಾರಾದರೂ ಕೇಳಬಹುದು. ಪ್ರಮಾಣವನ್ನು ಕಾಯುವುದು ವಿದ್ಯುತ್ತಿನ ಲೆಕ್ಕ: ಒಂದರ ಧನಾಂಶವನ್ನು ಇನ್ನೊಂದರ ಋಣಾಂಶ ಸರಿಗಟ್ಟಿದರೆ ಮಾತ್ರ ಹರಳು ನಿಲ್ಲುತ್ತದೆ. ಆರ್ಮ್‌ಸ್ಟ್ರಾಂಗ್ ಪಕ್ಷಕ್ಕೆ ಒಂದು ವಿಷಯವನ್ನು ಬಿಟ್ಟುಕೊಡಬೇಕು. ಉಪ್ಪನ್ನು ವಿಪರೀತ ಕಾಯಿಸಿ ಆವಿ ಮಾಡಿದರೆ ಆ ಆವಿಯಲ್ಲಿ ಸೋಡಿಯಂ-ಕ್ಲೋರಿನ್ ಜೋಡಿಗಳು ನಿಜಕ್ಕೂ ಇವೆ. ಆದರೆ ಅದು ಕುಲುಮೆಯ ಮಾತು; ಊಟದ ಎಲೆಯ ತುದಿಗೆ ಬಡಿಸುವ ಉಪ್ಪಿಗೆ ಸಲ್ಲದು.

ಕನ್ನಡದಲ್ಲಿ ‘ಕರಗು’ ಎಂಬ ಒಂದೇ ಮಾತು ಬಾಣಲೆಯ ಬೆಣ್ಣೆಗೂ ನೀರಿಗೆ ಹಾಕಿದ ಉಪ್ಪಿಗೂ ಸಲ್ಲುತ್ತದೆ. ವಿಜ್ಞಾನದ ಮೇಷ್ಟರಿಗೆ ಇದು ತೊಡಕು. ಆದರೆ ಉಪ್ಪಿನ ಮಟ್ಟಿಗೆ ಭಾಷೆ ಅಷ್ಟೇನೂ ತಪ್ಪಿಲ್ಲ: ಶಾಖದಿಂದ ಕರಗಿದರೂ ನೀರಿನಲ್ಲಿ ಕರಗಿದರೂ ಅಯಾನುಗಳು ಕಟ್ಟು ಬಿಚ್ಚಿ ಓಡಾಡತೊಡಗುತ್ತವೆ, ಎರಡು ಸ್ಥಿತಿಯಲ್ಲೂ ವಿದ್ಯುತ್ ಹರಿಯುತ್ತದೆ. ಮೊದಲನೆಯದಕ್ಕೆ 801 ಡಿಗ್ರಿ ಬೇಕು, ಎರಡನೆಯದಕ್ಕೆ ತಣ್ಣೀರೇ ಸಾಕು. ಏಕೆಂದರೆ ನೀರಿನ ಅಣುಗಳು ಪ್ರತಿ ಅಯಾನನ್ನೂ ಸುತ್ತುವರಿದಾಗ ಹೊಮ್ಮುವ ಶಕ್ತಿ, ಹರಳನ್ನು ಬಿಚ್ಚಲು ತಗಲುವ ಶಕ್ತಿಗೆ ಬಹುಮಟ್ಟಿಗೆ ಸಮ. ಜಮಾಖರ್ಚು ಹೀಗೆ ಸರಿಹೋಗುವುದರಿಂದ ಬಿಸಿ ಮಾಡಿದರೆ ಹೆಚ್ಚಿನ ಲಾಭವಿಲ್ಲ: ಕುದಿಯುವ 100 ಗ್ರಾಂ ನೀರಿನಲ್ಲೂ ಕರಗುವುದು 39 ಗ್ರಾಂ ಮಾತ್ರ. ಕಾಯಿಸಿ ಆರಿಸಿದರೆ ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್, ರಾಶಿರಾಶಿಯಾಗಿ ಹರಳುಗಟ್ಟುತ್ತದೆ. ಅಡುಗೆ ಉಪ್ಪು ಹಾಗೆ ಸಿಗದು, ನೀರನ್ನೇ ಆವಿಯಾಗಿಸಬೇಕು. ಅಘನಾಶಿನಿಯ ಅಳಿವೆಯ ಸಾಣಿಕಟ್ಟೆಯಲ್ಲಿ ಉಪ್ಪಿನ ಗದ್ದೆಗಳು ಬಿಸಿಲನ್ನೇ ನೆಚ್ಚಿರುವುದರ ಹಿಂದೆ ಈ ಲೆಕ್ಕವಿದೆ. ಸಮುದ್ರದ ನೀರು ಮಂದವಾಗುತ್ತ ಬಂದಂತೆ ಮೊದಲು ಸುಣ್ಣದ ಅಂಶ, ಆಮೇಲೆ ಜಿಪ್ಸಂ, ನಂತರ ಉಪ್ಪು ಕೂರುತ್ತವೆ. ಮೆಗ್ನೀಷಿಯಂ ಲವಣಗಳು ಕೊನೆಯ ಕಹಿ ನೀರಿನಲ್ಲಿ ಉಳಿಯುತ್ತವೆ. ಆ ನೀರನ್ನು ಬಸಿಯದೆ ಬಿಟ್ಟರೆ ಉಪ್ಪು ಕಹಿಯಾಗುವುದಷ್ಟೇ ಅಲ್ಲ, ಬೇಗ ಒದ್ದೆಯೂ ಆಗುತ್ತದೆ. ಮೆಗ್ನೀಷಿಯಂ ಕ್ಲೋರೈಡ್ ಗಾಳಿಯ ಸಾಪೇಕ್ಷ ತೇವಾಂಶ ಶೇಕಡಾ 33 ದಾಟಿದರೆ ಸಾಕು, ನೀರು ಹೀರುತ್ತದೆ. ಶುದ್ಧ ಉಪ್ಪಿಗೆ ಆ ಗಡಿ ಸುಮಾರು 75. ಕರಾವಳಿಯ ಆಷಾಢದಲ್ಲಿ ಗಾಳಿ ಈ ಗಡಿಯನ್ನೂ ಮೀರುವುದರಿಂದ, ಎಷ್ಟು ಶುದ್ಧವಾದರೂ ಮುಚ್ಚಳ ತೆರೆದಿಟ್ಟ ಉಪ್ಪು ಅಲ್ಲಿ ನೀರೊಡೆಯುವುದೇ.

ದ್ರಾವಣದಲ್ಲಿ ಅಯಾನುಗಳಿಗೆ ತಾವು ಯಾವ ಹರಳಿನಿಂದ ಬಂದೆವೆಂಬ ನೆನಪಿಲ್ಲ. ಒಂದು ಪಾತ್ರೆಯಲ್ಲಿ ಅಡುಗೆ ಉಪ್ಪನ್ನೂ ಪೆಟ್ಲುಪ್ಪನ್ನೂ, ಇನ್ನೊಂದರಲ್ಲಿ ಸೋಡಿಯಂ ನೈಟ್ರೇಟನ್ನೂ ಪೊಟ್ಯಾಸಿಯಂ ಕ್ಲೋರೈಡನ್ನೂ ಸರಿಯಾದ ಲೆಕ್ಕದಲ್ಲಿ ಕರಗಿಸಿಟ್ಟರೆ, ಯಾವುದು ಯಾವುದೆಂದು ಯಾವ ಪರೀಕ್ಷೆಯೂ ಹೇಳಲಾರದು. ಬೆಲ್ಜಿಯಂನ ಅರ್ನೆಸ್ಟ್ ಸಾಲ್ವೇ 1860ರ ದಶಕದಲ್ಲಿ ಉದ್ಯಮವಾಗಿ ನಿಲ್ಲಿಸಿದ ವಿಧಾನದ ಗುಟ್ಟು ಇದೇ. ಗಟ್ಟಿ ಉಪ್ಪುನೀರಿಗೆ ಅಮೋನಿಯಾ ಹಾಯಿಸಿ, ಇಂಗಾಲದ ಡೈಆಕ್ಸೈಡ್ ತುಂಬಿದರೆ ನಾಲ್ಕು ಬಗೆಯ ಅಯಾನುಗಳು ಒಟ್ಟಿಗಿರುತ್ತವೆ. ಅವುಗಳಿಂದಾಗಬಹುದಾದ ಲವಣಗಳಲ್ಲಿ ಅತಿ ಕಡಿಮೆ ಕರಗುವ ಸೋಡಿಯಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾ, ತಳಕ್ಕಿಳಿಯುತ್ತದೆ. ಅದನ್ನು ಕಾಯಿಸಿದರೆ ನೀರೂ ಇಂಗಾಲದ ಡೈಆಕ್ಸೈಡೂ ಹೊರಟುಹೋಗಿ ವಾಷಿಂಗ್ ಸೋಡಾದ ಮೂಲವಾದ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. ಹುಳಿಯಿಲ್ಲದ ಹಿಟ್ಟಿಗೆ ಸೋಡಾ ಜಾಸ್ತಿ ಬಿದ್ದರೆ ಬೋಂಡಾ ಸವುಳಾಗುವುದಕ್ಕೆ ಕಾರಣ ಇದೇ ಕ್ರಿಯೆ. ಹುಳಿ ಮಜ್ಜಿಗೆ ಸೇರಿದ್ದರೆ ಆಮ್ಲವೇ ಸೋಡಾವನ್ನು ತೀರಿಸಿಬಿಡುತ್ತದೆ.

ಇದೇ ತರ್ಕದಿಂದ ಸೈಂಧವ ಲವಣದ ಸೋಡಿಯಂ ‘ಬೇರೆ ಜಾತಿಯದು’ ಎಂಬ ಮಾತು ನಿಲ್ಲುವುದಿಲ್ಲ. ಅದರ ಬಣ್ಣ ಬೆರಕೆಯ ಖನಿಜಗಳದು, ಸೋಡಿಯಂ ಮಾತ್ರ ಎಲ್ಲೆಡೆ ಒಂದೇ. ಕಪ್ಪುಪ್ಪಿನ ವಾಸನೆ ಅದರಲ್ಲಿರುವ ಗಂಧಕದ ಸಂಯುಕ್ತಗಳದು. ಬೆರಕೆ ಅಲ್ಪವಾದರೂ ಪರಿಣಾಮ ದೊಡ್ಡದಿರಬಹುದಲ್ಲವೇ ಎಂದರೆ, ನಿಜ; ಅಯೋಡಿನ್ ಉಪ್ಪೇ ಅದಕ್ಕೆ ಒಳ್ಳೆಯ ನಿದರ್ಶನ. ಭಾರತದಲ್ಲಿ ಮನೆಗೆ ತಲುಪುವಾಗ ಹತ್ತು ಲಕ್ಷ ಪಾಲು ಉಪ್ಪಿನಲ್ಲಿ ಕನಿಷ್ಠ 15 ಪಾಲು ಅಯೋಡಿನ್ ಇರಬೇಕೆಂಬ ನಿಯಮವಿದೆ. ಗಳಗಂಡ ತಡೆಯಲು ಅಷ್ಟು ಸಾಕು. ಅದನ್ನು ಸೇರಿಸುವುದು ಪೊಟ್ಯಾಸಿಯಂ ಅಯೋಡೇಟ್ ರೂಪದಲ್ಲಿ. ಅಯೋಡೈಡ್ ಆಗಿದ್ದರೆ ತೇವ, ಗಾಳಿಗಳ ಸಂಗದಲ್ಲಿ ಅಯೋಡಿನ್ ಹಾರಿಹೋಗುವ ಭಯ ಹೆಚ್ಚು. ಸೇರಿಸಿದ ಅಯೋಡೇಟ್ ಉಪ್ಪಿನ ಜೋಡಣೆಯೊಳಗೆ ನುಗ್ಗುವುದಿಲ್ಲ, ಹರಳುಗಳ ಮೈಮೇಲೆ ಅಂಟಿಕೊಂಡಿರುತ್ತದೆ. ಅಯೋಡಿನ್ ಉಪ್ಪನ್ನು ಅಡುಗೆಮನೆಯಲ್ಲಿ ತೊಳೆದು ಒಣಗಿಸಿದರೆ ಮೊದಲು ಕಳೆದುಹೋಗುವುದು ಅದೇ.