ಟಾಗೋರರ ಕಾರವಾರ, ನಮ್ಮ ಮಕ್ಕಳ ಕಾರವಾರ

ಕುರಕುಂಭದ ಕಾರ್ಖಾನೆಗಳ ನೆರೆಯಲ್ಲಿ ನೆಲೆಸಿರುವ ನಮಗೆ ಕಡಲು ದೂರ. ಮಕ್ಕಳ ರಜೆ ಬಂದಾಗ ನಾವು ಕಾರವಾರವನ್ನು ನೆನೆಯುವುದಕ್ಕೆ ತಾಯ್ನುಡಿಯ ಸೆಳೆತದ ಜೊತೆಗೆ ಇತಿಹಾಸದ ಕಾರಣವೂ ಇದೆ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಬರುವವರೆಗೂ ಪುಣೆ, ಕಾರವಾರಗಳೆರಡೂ ಒಂದೇ ಆಡಳಿತದಲ್ಲಿದ್ದವು.

ಈ ಪ್ರಾಂತದ ನ್ಯಾಯಾಧೀಶರಾಗಿ ಕಾರವಾರಕ್ಕೆ ಬಂದವರು, ಐ.ಸಿ.ಎಸ್. ಸೇರಿದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಟಾಗೋರರು. 1883ರಲ್ಲಿ ತಮ್ಮ ರವೀಂದ್ರನಾಥರು ಅವರಲ್ಲಿ ಬಂದು ತಂಗಿದರು. ಆಗ ಅವರಿಗೆ ಇಪ್ಪತ್ತೆರಡರ ಹರೆಯ. ಬೆಳದಿಂಗಳ ರಾತ್ರಿ ಮನೆಯವರೊಡನೆ ಕಾಳಿ ನದಿಯಲ್ಲಿ ದೋಣಿಯೇರಿ ಹೋದುದನ್ನೂ, ಮರಳಿನ ಮೇಲೆ ನಡೆದು ಮರಳಿದುದನ್ನೂ ಅವರು ತಮ್ಮ ಆತ್ಮಕಥನದಲ್ಲಿ ಸ್ಮರಿಸಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ನಾಟಕ ರಚನೆಯಾದದ್ದು ಇಲ್ಲಿಯೇ. ಎಲ್ಲ ಬಂಧನಗಳನ್ನು ಕಡಿದುಕೊಂಡೆನೆಂದು ಬೀಗಿದ ಸಂನ್ಯಾಸಿಯನ್ನು ಪುಟ್ಟ ಬಾಲಕಿಯೊಬ್ಬಳ ಮಮತೆ ಲೋಕಕ್ಕೆ ಮರಳಿ ಕರೆತರುವ ಕಥೆ ಅದು.

ಊರಿನವರು ಇಂದಿಗೂ ಸಂಜೆ ಮಕ್ಕಳ ಕೈಹಿಡಿದು ಬರುವ ತೀರಕ್ಕೆ ಟಾಗೋರರದೇ ಹೆಸರು. ಅಲ್ಲಿಯೇ ಚಪಲ್ ಯುದ್ಧನೌಕೆಯ ಸಂಗ್ರಹಾಲಯವಿದೆ. ಮಕ್ಕಳು ಹಡಗಿನೊಳಗೆ ಹೊಕ್ಕು ನೋಡಬಹುದು. ನದಿಯಾಚೆ ಸದಾಶಿವಗಡದ ಗುಡ್ಡವನ್ನೇರಿದರೆ ಕಾಳಿಯು ಕಡಲನ್ನು ಸೇರುವ ನೋಟ ಕಾಣುತ್ತದೆ.

ಹೊರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡನಾಡು ಅಜ್ಜಿಯ ಮನೆಯಷ್ಟೇ ಆಗಿ ಉಳಿದುಬಿಡುವ ಅಪಾಯವಿದೆ. ಮರಳಿನಲ್ಲಿ ಗುಬ್ಬಿಗೂಡು ಕಟ್ಟುತ್ತಿರುವಾಗಲೇ ಬಂಗಾಳದ ಕವಿಯ ಈ ಕಥೆಯನ್ನು ನಾವು ಕನ್ನಡದಲ್ಲಿ ಹೇಳಿದರೆ, ತಮ್ಮ ನಾಡು ದೊಡ್ಡ ಜಗತ್ತಿನೊಡನೆ ಬೆಸೆದುಕೊಂಡಿದೆಯೆಂದು ಅವರು ತಿಳಿಯುತ್ತಾರೆ.