ಇಪ್ಪತ್ತೊಂದು ತುಂಬದವರು ಕೇಳಿದ್ದು

ಪಶ್ಚಿಮ ಬೆಂಗಳೂರಿನವರಿಗೆ ಕೋವಿಯ ಸಹವಾಸ ಕಡಿಮೆ. ವಿಜಯನಗರದ ನಮ್ಮ ಬೀದಿಯಲ್ಲಿ ಲೈಸೆನ್ಸ್ ಇರುವ ಬಂದೂಕು ಕಾಣಬೇಕಾದರೆ ಬ್ಯಾಂಕಿನ ಬಾಗಿಲಲ್ಲಿ ಸ್ಟೂಲು ಹಾಕಿ ಕೂತ ಕಾವಲುಗಾರನನ್ನೇ ನೋಡಬೇಕು. ಮಕ್ಕಳಿಗೆ ದೀಪಾವಳಿಯ ಕೇಪಿನ ಪಿಸ್ತೂಲು, ಅಷ್ಟೆ. ಆಯುಧಪೂಜೆ ಬಂದರೆ ರಾಜಾಜಿನಗರದ ಕಾರ್ಖಾನೆಗಳಲ್ಲಿ ಲೇತ್ ಮಷೀನಿಗೆ ಅರಿಸಿನ ಕುಂಕುಮ, ಬಸವೇಶ್ವರನಗರದಲ್ಲಿ ಸ್ಕೂಟರಿನ ಚಕ್ರದಡಿ ನಿಂಬೆಹಣ್ಣು. ಹೀಗಿರುವಾಗ ನಮ್ಮ ಕಡೆಯ ಒಂದು ಪದವಿಪೂರ್ವ ಕಾಲೇಜು ಚರ್ಚಾಸ್ಪರ್ಧೆಗೆ ಇಟ್ಟ ವಿಷಯ 'ಕೊಡಗಿನ ಕೋವಿ ವಿನಾಯಿತಿ ಮುಂದುವರಿಯಬೇಕೆ?' ನಿವೃತ್ತ ಚರಿತ್ರೆ ಮೇಷ್ಟ್ರು ಅಂತ ನನ್ನನ್ನು ತೀರ್ಪುಗಾರನಾಗಿ ಕರೆದಿದ್ದರು.

ವಿಷಯ ಆರಿಸಿದ್ದು ಹುಡುಗರೇ ಅಂತೆ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣ ಇಲ್ಲಿಗೆ ಕೂಗಳತೆ. ಮಡಿಕೇರಿ, ವಿರಾಜಪೇಟೆ ಬಸ್ಸುಗಳು ಬಂದು ನಿಲ್ಲುವುದು ಅಲ್ಲೇ. ಹಾಗಾಗಿ ಅತ್ತಿಗುಪ್ಪೆ, ದೀಪಾಂಜಲಿನಗರದ ಪೀಜಿಗಳಲ್ಲಿ ಕೊಡಗಿನ ಮಕ್ಕಳು ಸಾಕಷ್ಟಿದ್ದಾರೆ. ಸೆಪ್ಟೆಂಬರ್ ಮೊದಲ ವಾರ ಕೈಲ್ ಪೊಳ್ದ್‌ಗೆ ಊರಿಗೆ ಹೋಗುತ್ತಾರೆ, ಸುಗ್ಗಿಯ ಹಬ್ಬ ಹುತ್ತರಿಗೆ ಮತ್ತೆ ಹೋಗುತ್ತಾರೆ. ನಾಟಿ ಮುಗಿದ ಮೇಲೆ ಬರುವ ಕೈಲ್ ಪೊಳ್ದ್‌ನಲ್ಲಿ ಕುಲದ ಮೂಲಮನೆಯಾದ ಐನ್‌ಮನೆಯ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ದೇವರ ಕೋಣೆಯಲ್ಲಿ ಇಟ್ಟು, ಕೋವಿಯ ನಳಿಕೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುತ್ತಾರೆ. ಆಮೇಲೆ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುರಿ. ಹುತ್ತರಿಯಲ್ಲಿ ಕದಿರು ಕೊಯ್ಯುವ ಹೊತ್ತಿಗೆ ಗದ್ದೆಯಲ್ಲಿ ಗುಂಡಿನ ಸದ್ದು.

ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದೆಂಬ ಈ ವಿನಾಯಿತಿಯ ಕಥೆ ಶುರುವಾಗುವುದು ಅಪನಂಬಿಕೆಯಿಂದ. 1857ರ ದಂಗೆಯ ಪೆಟ್ಟು ತಿಂದ ಬ್ರಿಟಿಷರು ಊರೂರಿನ ಆಯುಧ ಕಿತ್ತುಕೊಳ್ಳಲು ಕಾನೂನು ತಂದರು. ಆಗ ಮೈಸೂರು ಮತ್ತು ಕೊಡಗು ಎರಡಕ್ಕೂ ಕಮಿಷನರ್ ಆಗಿದ್ದವನು ಮಾರ್ಕ್ ಕಬ್ಬನ್. 1861ರ ಫೆಬ್ರವರಿಯಲ್ಲಿ ಅವನು ಕೊಡವರನ್ನು ಆ ಕಾನೂನಿನಿಂದ ಬಿಟ್ಟ. ಕಾರಣ, ಅವರ ನಿಷ್ಠೆ ಮತ್ತು ಪರಾಕ್ರಮ. ಅದೇ ವರ್ಷ ಊರಿಗೆ ಹೊರಟವನು ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಅವನ ಸಹಿ ಮಾತ್ರ ಇವತ್ತಿಗೂ ನಡೆಯುತ್ತಿದೆ.

'ನಿಷ್ಠೆ' ಅನ್ನುವುದು ಕೊಡಗಿನ ಮಟ್ಟಿಗೆ ಅಷ್ಟು ಸಲೀಸಾದ ಮಾತೇನಲ್ಲ. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕಂಪನಿ ಕೊಡಗನ್ನು ನುಂಗಿತು. ಮೂರೇ ವರ್ಷಕ್ಕೆ ಅಮರ ಸುಳ್ಯದ ದಂಗೆ ಎದ್ದಿತು, ರೈತರು ಮಂಗಳೂರಿನವರೆಗೂ ಹೋದರು. ಅದನ್ನು ಅಡಗಿಸಲು ನೆರವಾದವರಿಗೆ ಕಂಪನಿ ಪದಕ ಕೊಟ್ಟಿತು. ದಂಗೆಯ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿತು. ಈಗಿನ ವಿನಾಯಿತಿ ಕೊಡವರಿಗಷ್ಟೇ ಅಲ್ಲ, ಜಮ್ಮಾ ಎಂಬ ವಂಶಪಾರಂಪರ್ಯದ ಭೂ ಹಿಡುವಳಿ ಇರುವವರಿಗೂ ಇದೆ. ಸ್ಪರ್ಧೆಯಲ್ಲಿ ಅರೆಭಾಷೆಯ ಹುಡುಗನೊಬ್ಬ ಈ ದಂಗೆಯ ಮಾತನ್ನೇ ಎತ್ತಿ, "ಜಮ್ಮಾ ಹಿಡುವಳಿ ಇರೋದ್ರಿಂದ ನಮ್ಮನೆಗೂ ವಿನಾಯಿತಿ ಇದೆ. ಆದ್ರೆ ನಮ್ಮಜ್ಜಂದಿರು ನಿಷ್ಠೆ ತೋರಿಸಿದ್ದು ಯಾರಿಗೆ ಸಾರ್?" ಅಂದ. ಸಭೆಯಲ್ಲಿ ಚಪ್ಪಾಳೆ. ಅಂಕ ಕೊಡುವ ಹಾಳೆಯಲ್ಲಿ ನಾನೂ ಧಾರಾಳವಾದೆ.

ವೈಸರಾಯ್ ಲಿಟ್ಟನ್‌ನ ಕಾಲದಲ್ಲಿ 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದಾಗ ಭಾರತೀಯರಿಗೆ ಲೈಸೆನ್ಸ್ ಬೇಕು, ಯುರೋಪಿಯನ್ನರಿಗೆ ಬೇಡ ಎಂದಾಯಿತು. ಅಹಿಂಸೆಯ ಗಾಂಧೀಜಿಗೂ ಆ ಕಾಯ್ದೆ ಕಂಡರೆ ಸಿಟ್ಟಿತ್ತು. 1931ರ ಕರಾಚಿ ಕಾಂಗ್ರೆಸ್ ಪಟ್ಟಿ ಮಾಡಿದ ಮೂಲಭೂತ ಹಕ್ಕುಗಳಲ್ಲಿ ಆಯುಧ ಹೊಂದುವ ಹಕ್ಕೂ ಇತ್ತು. ಸ್ವಾತಂತ್ರ್ಯ ಬಂದಮೇಲೆ ಆ ಮಾತನ್ನು ಸಂವಿಧಾನ ಸಭೆಯಲ್ಲಿ ನೆನಪಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್. 1948ರ ಡಿಸೆಂಬರ್‌ನಲ್ಲಿ ಅವರು ಈ ಹಕ್ಕನ್ನು ಸೇರಿಸಬೇಕೆಂದು ತಿದ್ದುಪಡಿ ತಂದರು. ಅಂಬೇಡ್ಕರ್ ಒಪ್ಪಲಿಲ್ಲ, ಕಳ್ಳಕಾಕರೂ ನಾಳೆ ಅದೇ ಹಕ್ಕು ಕೇಳುತ್ತಾರೆ ಅಂದರು. ಹೀಗಾಗಿ ಸಂವಿಧಾನದ 19ನೇ ವಿಧಿಯಲ್ಲಿ ಉಳಿದಿರುವುದು ಆಯುಧವಿಲ್ಲದೆ ಶಾಂತಿಯಿಂದ ಸಭೆ ಸೇರುವ ಹಕ್ಕು. ನನ್ನನ್ನು ಕೇಳಿದರೆ ಅಂಬೇಡ್ಕರರು ಮಾಡಿದ್ದು ಸರಿ. ಅಮೆರಿಕದ ಗತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರ ಫೆಬ್ರವರಿಯಲ್ಲಿ ಫ್ಲಾರಿಡಾದ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನ ಸತ್ತ ಮೇಲೆ ಮಾರ್ಚ್ 24ರಂದು ಬೀದಿಗಿಳಿದವರು ಹೈಸ್ಕೂಲು ಮಕ್ಕಳು. ಅವರಲ್ಲಿ ಎಷ್ಟೋ ಜನಕ್ಕೆ ವೋಟೇ ಇರಲಿಲ್ಲ.

ನಮ್ಮಲ್ಲಿ ವಯಸ್ಸಿನ ಲೆಕ್ಕ ಇನ್ನೂ ವಿಚಿತ್ರ. 1962ರಲ್ಲಿ ಜಾರಿಗೆ ಬಂದ 1959ರ ಕಾಯ್ದೆ 16 ತುಂಬಿದವರಿಗೆ ಬಂದೂಕು ಹೊಂದಲು ಬಿಟ್ಟಿತ್ತು. 1983ರಲ್ಲಿ ಸಂಸತ್ತು ಅದನ್ನು 21ಕ್ಕೆ ಏರಿಸಿತು. ಐದೇ ವರ್ಷಕ್ಕೆ, 1988ರಲ್ಲಿ, ಅದೇ ಸಂಸತ್ತು ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಇನ್ನು ನನ್ನ ತಲೆಮಾರಿನವರನ್ನು ಯಾರೂ ಏನೂ ಕೇಳಲಿಲ್ಲ. ಚೀನಾ ಯುದ್ಧ ಮುಗಿದ ಮೇಲೆ, 1963ರಲ್ಲಿ, ಎನ್‌ಸಿಸಿ ಕಡ್ಡಾಯವಾಯಿತು. ಕಾಲೇಜು ಸೇರಿದ ನಮ್ಮನ್ನು ಮಣ್ಣಿನಲ್ಲಿ ಬೋರಲು ಮಲಗಿಸಿ .22 ರೈಫಲ್ ಕೈಗೆ ಕೊಟ್ಟರು. ನನ್ನ ಗುಂಡು ಪಕ್ಕದವನ ಹಲಗೆಗೆ ಬಿತ್ತು, ಅವನಿಗೆ ಶಹಬ್ಬಾಸ್ ಸಿಕ್ಕಿತು. ವೋಟಿಲ್ಲದ ವಯಸ್ಸಿಗೆ ಸರ್ಕಾರ ತಾನಾಗಿಯೇ ಬಂದೂಕು ಕೊಡುತ್ತದೆ, ವೋಟು ಬಂದ ವಯಸ್ಸಿಗೆ ಕೊಡುವುದಿಲ್ಲ. ಇದರಲ್ಲಿ ತರ್ಕ ಹುಡುಕಿದ ಹುಡುಗಿಯೊಬ್ಬಳು ಸುಸ್ತಾದಳು.

ಕಬ್ಬನ್ ಕೊಟ್ಟ ವಿನಾಯಿತಿಯನ್ನು ಸ್ವತಂತ್ರ ಭಾರತ 1963ರಲ್ಲಿ ಮುಂದುವರಿಸಿತು. ಅದನ್ನು ಪ್ರಶ್ನಿಸಿ ನಿವೃತ್ತ ಸೇನಾಧಿಕಾರಿಯೊಬ್ಬರು ಹೈಕೋರ್ಟ್ ಮೆಟ್ಟಿಲೇರಿದರು. ಕುಲ ಮತ್ತು ಹಿಡುವಳಿ ನೋಡಿ ವಿನಾಯಿತಿ ಕೊಡುವುದು ಸಮಾನತೆಗೆ ವಿರುದ್ಧ ಎಂಬುದು ಅವರ ವಾದ. ತಮಾಷೆ ಏನೆಂದರೆ ಕಬ್ಬನ್‌ನ ಪ್ರತಿಮೆ 2020ರವರೆಗೂ ನಿಂತಿದ್ದು ಅದೇ ಹೈಕೋರ್ಟಿನ ಮುಂದೆ. ಆಮೇಲೆ ಅದನ್ನು ಕಬ್ಬನ್ ಪಾರ್ಕಿನ ಒಳಕ್ಕೆ ಸಾಗಿಸಿದರು. ಈ ನಡುವೆ ಕೇಂದ್ರ ಗೃಹ ಇಲಾಖೆ 2019ರ ಅಕ್ಟೋಬರ್‌ನಲ್ಲಿ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತ್ತು. 2021ರ ಸೆಪ್ಟೆಂಬರ್ 22ರಂದು ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದು ಸ್ವಾತಂತ್ರ್ಯಪೂರ್ವದಿಂದ ನಡೆದುಬಂದದ್ದು, ಷರತ್ತುಗಳಿಗೆ ಒಳಪಟ್ಟದ್ದು, ಕಾಲಮಿತಿಯೂ ಇದೆ ಎಂದಿತು.

ವಿರಾಜಪೇಟೆ ಕಡೆಯ ಹುಡುಗಿ ವಿನಾಯಿತಿಯ ಪರವಾಗಿ ಮಾತಾಡಿದಳು. ಗಂಡು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು, ಸಾವಾದರೆ ಎರಡು. ಗಂಡು ಕೂಸಿನ ಕೈಗೆ ಹರಳುಗಿಡದ ಕಡ್ಡಿಯ ಬಿಲ್ಲು. ಇದನ್ನೆಲ್ಲ ಹೇಳಿ ಸ್ವಲ್ಪ ತಡೆದು, "ನಾನು ಹುಟ್ಟಿದಾಗ ಗುಂಡು ಹಾರಿಸಲಿಲ್ಲ. ಆದ್ರೂ ತೆಂಗಿನಕಾಯಿಗೆ ಗುರಿ ಇಡೋದ್ರಲ್ಲಿ ಅಣ್ಣನಿಗಿಂತ ನಾನೇ ಮುಂದೆ. ಕೋವಿ ನಮಗೆ ಬೇಕು. ಆದ್ರೆ ಬಿಳಿಯ ಕೊಟ್ಟ ಶಹಬ್ಬಾಸ್‌ಗಿರಿ ತೋರಿಸಿ ಕೇಳೋದು ನಂಗೆ ನಾಚಿಕೆ," ಅಂದಳು.

ತೀರ್ಥಹಳ್ಳಿಯ ಅಡಿಕೆ ಬೆಳೆಗಾರರ ಮಗನಿಗೆ ಹೊಟ್ಟೆಯುರಿ. ಮಂಗ, ಕಾಡುಹಂದಿ ಓಡಿಸಲು ಅವರಪ್ಪ ಲೈಸೆನ್ಸ್ ತೆಗೆದುಕೊಂಡಿದ್ದಾರೆ. ಚುನಾವಣೆ ಬಂದರೆ ಬಂದೂಕು ಪೊಲೀಸ್ ಠಾಣೆಯಲ್ಲಿ ಠೇವಣಿ. ಯಾರದನ್ನು ಇಡಿಸಿಕೊಳ್ಳಬೇಕೆಂದು ತೂಗಿನೋಡಲು ಜಿಲ್ಲಾ ಮಟ್ಟದ ಸಮಿತಿ ಇದೆ, ಆದರೆ ಸುಮ್ಮನೆ ಎಲ್ಲರಿಗೂ ನೋಟಿಸು ಹೋಗುತ್ತದೆ ಎಂಬುದು ಅವನ ದೂರು. "ಹಂದಿಗೆ ನೀತಿ ಸಂಹಿತೆ ಗೊತ್ತಾ?" ಅಂತ ಕೇಳಿ ಸಭೆಯನ್ನೆಲ್ಲ ನಗಿಸಿದ.

ಆ ನಗು ನಿಲ್ಲಿಸಿದವನು ಕೆಂಗೇರಿಯ ಹುಡುಗ. "ಎಲ್ಲರೂ ಲೈಸೆನ್ಸ್ ಬಗ್ಗೆ ಮಾತಾಡ್ತಿದೀರಿ. ನಮ್ಮನೆ ಹತ್ತಿರ, ರಾಜರಾಜೇಶ್ವರಿನಗರದಲ್ಲಿ, ಪತ್ರಕರ್ತೆ ಗೌರಿ ಲಂಕೇಶ್ ಅವರನ್ನ ಕೊಂದ ಪಿಸ್ತೂಲಿಗೆ ಲೈಸೆನ್ಸ್ ಕೊಟ್ಟೋರು ಯಾರು?" ಅಂದ. 2017ರ ಸೆಪ್ಟೆಂಬರ್ 5ರ ರಾತ್ರಿ ಅವನಿನ್ನೂ ಪುಟ್ಟ ಹುಡುಗ. ಹಾರಿದ್ದು ನಾಡಪಿಸ್ತೂಲಿನ ಗುಂಡು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರನ್ನು ಕೊಂದದ್ದೂ ಅದೇ ಆಯುಧ ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. ಗೌರಿ ಸತ್ತ ವಾರದಲ್ಲೇ 'ನಾನು ಗೌರಿ' ಎಂದು ಬೆಂಗಳೂರಿನ ಬೀದಿಗೆ ಬಂದವರಲ್ಲಿ ಕಾಲೇಜು ಹುಡುಗ ಹುಡುಗಿಯರು ದಂಡಿಯಾಗಿದ್ದರು. ಈ ಹುಡುಗನಿಗೆ ನಾನು ಮೊದಲ ಬಹುಮಾನ ಕೊಟ್ಟೆ. ವಿಷಯಾಂತರ ಮಾಡಿದ ಅಂತ ಜೊತೆಯ ತೀರ್ಪುಗಾರರು ತಕರಾರು ತೆಗೆದರು. ವಿಷಯಕ್ಕೆ ಬಂದವನು ಅವನೊಬ್ಬನೇ ಅನ್ನುವುದು ನನ್ನ ವಾದ.

ಏಕೆಂದರೆ ನೂರೈವತ್ತು ವರ್ಷಗಳಿಂದ ನಮ್ಮ ಕೋವಿ ಕಾನೂನು ನೋಡುತ್ತಾ ಬಂದಿರುವುದು ಸರ್ಕಾರ ಯಾರನ್ನು ನಂಬುತ್ತದೆ ಎಂಬುದನ್ನು. ಕಬ್ಬನ್ ಕೊಡವರನ್ನು ನಂಬಿದ, ಲಿಟ್ಟನ್ ಯುರೋಪಿಯನ್ನರನ್ನು ನಂಬಿದ. ಗುಂಡು ಯಾರ ಎದೆಗೆ ಬೀಳುತ್ತದೆ ಎಂದು ಕೇಳಿದ್ದು ಈ ಮಕ್ಕಳು. ಕೊಡಗಿನ ವಿನಾಯಿತಿ ತೆಗೆಯಬೇಕು ಎನ್ನುವವನು ನಾನಲ್ಲ. ಹಬ್ಬದ ಕೋವಿಗೆ ಹೆದರುವಂಥದ್ದು ಏನೂ ನನಗೆ ಕಂಡಿಲ್ಲ. ಆದರೆ ಅದೇ ಕಾಡಂಚಿನಲ್ಲಿ, ಅದೇ ಆನೆ ಓಡಾಡುವ ಕಾಫಿ ತೋಟದ ಲೈನ್ ಮನೆಗಳಲ್ಲಿ ಬದುಕುವ ಯರವ ಆದಿವಾಸಿಗಳ ಮಕ್ಕಳಿಗೆ ಈ ವಿನಾಯಿತಿ ಇಲ್ಲ, ಅವರ ಅಭಿಪ್ರಾಯ ಕೇಳಿದವರೂ ಕಾಣೆ.

ಈಗಿನ ಅಧಿಸೂಚನೆಯ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮುಂದಿನದನ್ನು ಬರೆಯುವ ಮೊದಲು ಗೃಹ ಇಲಾಖೆಯವರು ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆಯ ಕಾಲೇಜುಗಳಿಗೆ ಒಮ್ಮೆ ಹೋಗಿ ಬರಲಿ. ಜಮ್ಮಾ ಇರುವವರ ಮಕ್ಕಳ ಜೊತೆ ಜಮ್ಮಾ ಇಲ್ಲದವರ ಮಕ್ಕಳನ್ನೂ ಕೂರಿಸಿಕೊಂಡು ಕೇಳಲಿ, ಹೆಣ್ಣುಮಕ್ಕಳನ್ನು ಮರೆಯದಿರಲಿ. ಅವರು ಹೇಳಿದ್ದನ್ನು ಕಡತದಲ್ಲಿ ಬರೆದುಕೊಳ್ಳಲಿ.