ವ್ಲಾದಿಮೀರ್ ಪದಕ

ಸರ್ಕಾರದ ಚಾಕರಿಯಲ್ಲಿ ತಲೆ ನರೆತವನಿಗೆ ಆ ಸರ್ಕಾರವು ಸಲ್ಲಿಸಬೇಕಾದುದೇನು? ನಿವೃತ್ತಿವೇತನವೆಂದು ನಾವು ಹೇಳುವೆವು. ಅದರೊಡನೆ ಒಂದು ಪದಕವೂ ದೊರೆತರೆ ಸಂತೋಷಪಡುವೆವು. ಚಕ್ರವರ್ತಿಗಳ ಕಾಲದ ರಷ್ಯಾದೇಶದಲ್ಲಾದರೋ ಅಂತಹ ಪದಕವೊಂದು ಮನುಷ್ಯನ ಕುಲವನ್ನೇ ಬದಲಾಯಿಸುತ್ತಿದ್ದಿತು.

ಎರಡನೆಯ ಕ್ಯಾಥರೀನ್ ಮಹಾರಾಣಿಯು ತನ್ನ ಪಟ್ಟಾಭಿಷೇಕದ ಇಪ್ಪತ್ತನೆಯ ವರ್ಷದ ಉತ್ಸವದಂದು, ಎಂದರೆ 1782ನೆಯ ಇಸವಿ ಸೆಪ್ಟೆಂಬರ್ 22ರಂದು, ಈ ಬಿರುದನ್ನು ಸ್ಥಾಪಿಸಿದಳು. ಕೀವ್ ನಗರದಲ್ಲಿ ಆಳಿ ಕ್ರೈಸ್ತಮತವನ್ನು ತನ್ನ ಜನಕ್ಕೆ ತಂದ ಸಂತ ವ್ಲಾದಿಮೀರನ ಹೆಸರು ಅದಕ್ಕೆ. ದರ್ಜೆಗಳು ನಾಲ್ಕು, ಕಪ್ಪು ಅಂಚಿನ ಕೆಂಪು ಪಟ್ಟಿ, ನಕ್ಷತ್ರದ ಮೇಲೆ ‘ಉಪಯೋಗ, ಗೌರವ, ಕೀರ್ತಿ’ ಎಂಬ ವಾಕ್ಯ. ಉಪಯೋಗವನ್ನು ಮೊದಲಿಗಿಟ್ಟುದು ಗಮನಾರ್ಹವಾದುದು. ಮೂವತ್ತೈದು ವರ್ಷಗಳ ಕಾಲ ನಿಷ್ಠೆಯಿಂದ ಕಛೇರಿಯ ಕೆಲಸ ಮಾಡಿದವನು ಯುದ್ಧವನ್ನು ಗೆಲ್ಲದಿದ್ದರೂ, ದೊರೆಯ ಕಣ್ಣಿಗೆ ಬೀಳದಿದ್ದರೂ, ನಾಲ್ಕನೆಯ ದರ್ಜೆಗೆ ಅರ್ಹನಾಗುತ್ತಿದ್ದನು. ಶಿಲುಬೆಯ ಮೇಲೆ ‘35 ವರ್ಷ’ ಎಂದೇ ಬರೆದಿರುತ್ತಿದ್ದಿತು.

ಇದರ ಬೆಲೆ ಲೋಹದಲ್ಲಿರಲಿಲ್ಲ. ಪೀಟರ್ ಮಹಾಶಯನು 1722ರಲ್ಲಿ ನೌಕರರನ್ನು ಹದಿನಾಲ್ಕು ಅಂತಸ್ತುಗಳಾಗಿ ವಿಂಗಡಿಸಿ, ಎಂಟನೆಯದನ್ನು ಮುಟ್ಟಿದವನಿಗೆ ವಂಶಪಾರಂಪರ್ಯವಾದ ಕುಲೀನತೆಯನ್ನು ಕೊಟ್ಟಿದ್ದನು. ಬಹುಮಂದಿ ಒಳನುಗ್ಗಿದರೆಂದು 1845ರಲ್ಲಿ ಆ ಮೆಟ್ಟಿಲನ್ನು ಐದನೆಯದಕ್ಕೂ 1856ರಲ್ಲಿ ನಾಲ್ಕನೆಯದಕ್ಕೂ ಏರಿಸಿದರು. ಮುಂಬಾಗಿಲು ಹೀಗೆ ಕಿರಿದಾಗುತ್ತ ಬಂದರೂ ವ್ಲಾದಿಮೀರ್ ಪದಕವೆಂಬ ಪಕ್ಕದ ಬಾಗಿಲು ತೆರೆದೇ ಇದ್ದಿತು. ಸಹನೆಯೊಂದಿದ್ದರೆ ಬಡಗುಮಾಸ್ತನೂ ತನ್ನ ಮಕ್ಕಳಿಗೆ ಕುಲೀನರ ಹೆಸರನ್ನು ಬಿಟ್ಟುಹೋಗಬಹುದಾಗಿದ್ದಿತು. 1900ರಲ್ಲಿ ಅದನ್ನೂ ಮುಚ್ಚಿದರು. ಅಂದಿನಿಂದ ನಾಲ್ಕನೆಯ ದರ್ಜೆಯು ಪಡೆದವನ ಆಯುಸ್ಸಿಗೆ ಮಾತ್ರ ಕುಲೀನತೆಯನ್ನು ಕೊಟ್ಟಿತು, ಮಕ್ಕಳಿಗಿಲ್ಲ.

ಇಂತಹ ಆಸೆಯು ಮನುಷ್ಯನನ್ನು ಏನು ಮಾಡೀತೆಂಬುದನ್ನು ಗೊಗೊಲ್ ಬಲ್ಲನು. ‘ಮೂರನೆಯ ದರ್ಜೆಯ ವ್ಲಾದಿಮೀರ್’ ಎಂಬ ಪ್ರಹಸನವೊಂದನ್ನು ಅವನು ಆರಂಭಿಸಿದನು. ಪದಕಕ್ಕಾಗಿ ಹಂಬಲಿಸಿದ ಅಧಿಕಾರಿಯು ಕೊನೆಗೆ ಹುಚ್ಚನಾಗಿ ತಾನೇ ಆ ಪದಕವೆಂದು ಭ್ರಮಿಸುವುದು ಅದರ ಕಥೆ. ರಾಜ್ಯದ ಪರಿಶೋಧಕರು ಒಪ್ಪಲಾರರೆಂದು ಅದನ್ನು ಮುಗಿಸದೆ ಕೈಬಿಟ್ಟನು. ಮುಗಿಸಿದ್ದರೆ ಚೆನ್ನಾಗಿದ್ದಿತು!

ಆದರೆ ಪದಕ ಪಡೆದವರೆಲ್ಲರೂ ಹಾಸ್ಯಕ್ಕೆ ತಕ್ಕವರೆಂದು ಬಗೆಯಬಾರದು. ಅಸ್ತ್ರಖಾನಿನ ದರ್ಜಿಯೊಬ್ಬನ ಮಗನಾದ ಇಲ್ಯಾ ಉಲ್ಯಾನೊವನು 1855ರಲ್ಲಿ ಗಣಿತದ ಉಪಾಧ್ಯಾಯನಾಗಿ ಸೇರಿ, 1869ರಿಂದ ಸಿಂಬಿರ್ಸ್ಕ್ ಪ್ರಾಂತದ ಗ್ರಾಮಶಾಲೆಗಳ ಪರೀಕ್ಷಕನಾಗಿ ಹಳ್ಳಿ ಹಳ್ಳಿ ಅಲೆದನು. 1877ರಲ್ಲಿ ನಾಲ್ಕನೆಯ ಅಂತಸ್ತೂ, ಮೂವತ್ತೈದು ವರ್ಷ ತುಂಬುವ ಮೊದಲೇ, 1882ರಲ್ಲಿ, ಮೂರನೆಯ ದರ್ಜೆಯ ವ್ಲಾದಿಮೀರ್ ಪದಕವೂ ಅವನಿಗೆ ಬಂದುವು. ಮನೆತನವನ್ನು ಕುಲೀನವಾಗಿಸಲು ಇವೆರಡರಲ್ಲಿ ಒಂದೇ ಸಾಕಾಗಿದ್ದಿತು. ಅವನು 1886ರಲ್ಲಿ ತೀರಿಕೊಂಡನು. ಅವನ ಮಗನ ಹೆಸರೂ ವ್ಲಾದಿಮೀರನೇ. ಆ ಮಗನು ತನ್ನ ಅರ್ಜಿಗಳಲ್ಲಿ ವಂಶಪಾರಂಪರ್ಯದ ಕುಲೀನನೆಂದು ರುಜು ಹಾಕಿದುದುಂಟು. ಮುಂದೆ ಲೆನಿನ್ ಎಂದು ಪ್ರಸಿದ್ಧನಾದ ಅವನ ಸರ್ಕಾರವೇ 1917ರ ನವೆಂಬರಿನಲ್ಲಿ ಅಂತಸ್ತುಗಳನ್ನೂ ಕುಲಭೇದಗಳನ್ನೂ ಒಂದೇ ಶಾಸನದಿಂದ ರದ್ದುಮಾಡಿತು.